ನಿಧಾನವಾಗಿ ತಿನ್ನುವ ಮೀನು

ಫ್ರೇಜರ್ ಟೌನಿನ ಒಂದು ಅಡ್ಡರಸ್ತೆಯಲ್ಲಿ ನಾನು ಮಹಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆಯ ಒಡತಿ ಮತ್ತು ಅವರ ಗಂಡ. ಒಡತಿಯನ್ನು ಬೀದಿಯವರೆಲ್ಲ ಆಪಾ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಆಪಾ ಆರ್ಡರ್ ಮೇಲೆ ಬಿರಿಯಾನಿ ಮಾಡಿಕೊಡುತ್ತಿದ್ದರು. ಹಿತ್ತಲಿನಲ್ಲಿ ಸೌದೆ ಒಲೆ, ಅದರ ಮೇಲೆ ದೇಗಚಿ. ಪಾತ್ರೆ ಹಿಡಿದು ಬಂದವರು ದಮ್ ಕಟ್ಟಿದ ಮುಚ್ಚಳ ಬಿಚ್ಚುವವರೆಗೆ ಮುಂದಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಆ ಕೋಣೆಯ ಗೋಡೆಗೆ ಒತ್ತಿಕೊಂಡು ಒಂದು ಉಪ್ಪುನೀರಿನ ಟ್ಯಾಂಕ್ ಇತ್ತು.

ಟ್ಯಾಂಕ್ ಬಂದದ್ದು ಇಂದಿರಾನಗರದಿಂದ. ಆಪಾ ಅವರ ಗಂಡ, ನಾವು ಭಾಯ್ ಅನ್ನುತ್ತಿದ್ದವರು, ಫ್ರಿಜ್ ಮತ್ತು ಎ.ಸಿ. ರಿಪೇರಿ ಮಾಡುತ್ತಿದ್ದರು. ಅಲ್ಲಿನ ಒಂದು ರೆಸ್ಟೋರೆಂಟಿನ ಟ್ಯಾಂಕಿಗೆ ನೀರು ತಣ್ಣಗಿಡುವ ಯಂತ್ರವನ್ನು ನೋಡಿಕೊಳ್ಳುತ್ತಿದ್ದವರು ಅವರೇ. ರೆಸ್ಟೋರೆಂಟ್ ಮುಚ್ಚಿದಾಗ ಮಾಲೀಕ, ಇದನ್ನ ಯಾರಾದ್ರೂ ತಗೊಂಡು ಹೋಗಿ, ಇಲ್ಲಾಂದ್ರೆ ಮೋರಿಗೆ ಸುರೀಬೇಕು ಎಂದನಂತೆ. ಭಾಯ್ ಗೂಡ್ಸ್ ಆಟೋ ಕರೆಸಿದರು. ಕಲ್ಲುಗಳು ಬಕೆಟಿನ ಉಪ್ಪುನೀರಿನಲ್ಲಿ ಮುಳುಗಿಕೊಂಡೇ ಬಂದವು. ಅವುಗಳ ಸಂದುಗೊಂದಿನಲ್ಲಿ ಜೀವ ಇರುತ್ತದೆ, ಒಣಗಿದರೆ ಸಾಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಹವಳಗಳು ಬಂದವು. ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟಿಯ ಕ್ಲೌನ್ ಮೀನುಗಳು, ಕಡುನೀಲಿಯ ಡ್ಯಾಮ್ಸೆಲ್ ಮೀನುಗಳು ಬಂದವು.

"ಸಮುದ್ರ ನೋಡೋಕೆ ಮಂಗಳೂರಿಗೆ ಕರ್ಕೊಂಡು ಹೋಗಿ ಅಂತ ಮದುವೆ ಆದಾಗಿನಿಂದ ಕೇಳ್ತಿದ್ದೆ. ಇದನ್ನ ತಂದಿಟ್ರು," ಎಂದು ಆಪಾ ನನಗೆ ಹೇಳಿದರು.

"ಬಸ್ ಚಾರ್ಜ್ ಉಳೀತು," ಎಂದರು ಭಾಯ್.

ತಂದವರು ಭಾಯ್ ಆದರೂ ಟ್ಯಾಂಕ್ ಬೇಗನೆ ಆಪಾ ಅವರದಾಯಿತು. ಒಂದು ಡ್ರಮ್ಮಿನಲ್ಲಿ ಶುದ್ಧ ನೀರಿಗೆ ಉಪ್ಪು ಬೆರೆಸಿ, ಹದ ಅಳೆದು, ಒಂದು ದಿನ ಆಡಿಸಿ ಬಿಟ್ಟು, ಆಮೇಲೆ ಟ್ಯಾಂಕಿಗೆ ಹಾಕುತ್ತಿದ್ದರು. ಆ ಡ್ರಮ್ಮನ್ನು ಅಡುಗೆಮನೆಯ ಯಾವ ಪಾತ್ರೆಯೂ ಮುಟ್ಟುವಂತಿರಲಿಲ್ಲ. ಸಾಬೂನು ಹಚ್ಚಿದ ಕೈ ನೀರಿಗೆ ಇಳಿಯುವಂತಿರಲಿಲ್ಲ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ನನ್ನ ಕೆಲಸ ಮಧ್ಯಾಹ್ನದ ಮೇಲೆ. ಬೆಳಗಿನ ಚಹಾ ಹೆಚ್ಚಾಗಿ ಕೆಳಗೇ ಆಗುತ್ತಿತ್ತು. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಬಹುಪಾಲು ನಾನು ಕಣ್ಣಾರೆ ಕಂಡದ್ದು.

ಆಪಾ ಅವರಿಗೆ ಬೇಕಾಗಿದ್ದುದು ಒಂದು ಮ್ಯಾಂಡರಿನ್ ಮೀನು. ಶಿವಾಜಿನಗರ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಸಾಕುಮೀನಿನ ಅಂಗಡಿಯೊಂದಿದೆ. ಅಲ್ಲಿ ಅದನ್ನು ಮೊದಲ ಸಲ ನೋಡಿದಾಗ ನಾನೂ ಜೊತೆಗಿದ್ದೆ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ ಮೀನು. ನೀಲಿ ಮೈ, ಅದರ ಮೇಲೆ ಕಿತ್ತಳೆ ಮತ್ತು ಹಸಿರಿನ ಸುರುಳಿಗಳು. ಒಂದು ಸುರುಳಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆಂದು ಹೇಳಲಾಗದು. ಅದು ಈಜುತ್ತಿರಲಿಲ್ಲ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳನ್ನು ಊರಿಕೊಂಡು ಮರಳಿನ ಮೇಲೆ ನಡೆಯುತ್ತಿತ್ತು. ಪಕ್ಕದ ರೆಕ್ಕೆಗಳು ಹಮ್ಮಿಂಗ್ ಹಕ್ಕಿಯ ರೆಕ್ಕೆಗಳಂತೆ ಸದಾ ಅದುರುತ್ತಿದ್ದವು. ಎರಡು ಹೆಜ್ಜೆ ನಡೆದು ನಿಲ್ಲುವುದು, ಕಲ್ಲನ್ನು ಒಂದು ಕಣ್ಣಿನಿಂದ ನೋಡುವುದು, ತುಟಿ ಮುಂದೆ ಚಾಚಿ ಚಿಟುಕೆಂದು ಏನನ್ನೋ ಹೆಕ್ಕುವುದು.

"ಕಸೂತಿ ಯಾರು ಹಾಕಿದ್ರು ಇದಕ್ಕೆ?" ಎಂದು ಆಪಾ ತಮ್ಮಷ್ಟಕ್ಕೇ ಅಂದುಕೊಂಡರು.

ಅಂಗಡಿಯವರು ಹಲಸೂರಿನ ತಮಿಳರು, ಮಾತು ಕಮ್ಮಿ. "ಅದು ಬೇಡ ಅಕ್ಕಾ, ಬೇರೆ ಏನಾದ್ರೂ ನೋಡಿ," ಎಂದರು.

"ಮಾರೋದಿಲ್ವಾ?"

"ಮಾರ್ತೀನಿ. ಆದ್ರೆ ಕೊಡೋದಿಲ್ಲ."

"ಇದು ಯಾವ ಸೀಮೆ ವ್ಯಾಪಾರ?"

ಅವರು ವಿವರಿಸಿದರು. ಈ ಮೀನು ಕಾಳು ಆಹಾರವನ್ನು ಮೂಸಿಯೂ ನೋಡುವುದಿಲ್ಲ. ಕಲ್ಲಿನ ಮೇಲೆ ಹರಿದಾಡುವ, ಕಣ್ಣಿಗೆ ಚುಕ್ಕೆಯಂತೆ ಕಾಣುವ ಹುಳುಗಳೇ ಅದರ ಊಟ. ಅವನ್ನು ದಿನವಿಡೀ ಹೆಕ್ಕುತ್ತಲೇ ಇರಬೇಕು. ಕಲ್ಲಿನಲ್ಲಿ ಹುಳು ಮುಗಿದರೂ ಅದು ಹೆಕ್ಕುವುದನ್ನು ನಿಲ್ಲಿಸುವುದಿಲ್ಲ, ಬರಿಯ ಕಲ್ಲನ್ನೇ ಹೆಕ್ಕುತ್ತದೆ. ನೋಡಿದವರು ತಿನ್ನುತ್ತಿದೆ ಎಂದುಕೊಳ್ಳುತ್ತಾರೆ. ಒಂದು ದಿನ ಅದು ಸತ್ತಿರುತ್ತದೆ.

ಆಪಾ ಎರಡು ಸಲ ಹೋದರು, ಮೂರನೆಯ ಸಲವೂ ಹೋದರು. ಕೊನೆಗೆ ಅಂಗಡಿಯವರು ಒಂದು ಷರತ್ತಿನ ಮೇಲೆ ಕೊಟ್ಟರು. "ಅದರ ಹೊಟ್ಟೆ ಬತ್ತಿ ಒಳಗೆ ಹೋಯ್ತು ಅಂದ್ರೆ ವಾಪಸ್ ತಂದ್ಬಿಡಿ ಅಕ್ಕಾ. ನನ್ನ ಹಳೇ ಟ್ಯಾಂಕಲ್ಲಿ ಬಿಡ್ತೀನಿ, ಬದುಕ್ಕೊಳ್ಳತ್ತೆ. ರಂಜಾನ್ ಹಬ್ಬ ಆದ್ಮೇಲೆ ನಾನೇ ಒಂದ್ಸಲ ಬಂದು ನೋಡ್ತೀನಿ."

"ಬನ್ನಿ. ಊಟಾನೂ ಮಾಡ್ಕೊಂಡು ಹೋಗಿ," ಎಂದರು ಆಪಾ.

ಮೀನು ಬಂದ ಹೊಸದರಲ್ಲಿ ಮನೆಯಲ್ಲಿ ಸಂಭ್ರಮ. ಬಿರಿಯಾನಿಗೆ ಕಾದು ಕೂತವರಿಗೆಲ್ಲ ಆಪಾ ಅದನ್ನು ತೋರಿಸುತ್ತಿದ್ದರು. ಟ್ಯಾಂಕಿನ ಪಕ್ಕದ ಸ್ಟೂಲಿನ ಮೇಲೆ ಮೀನಿನ ಕಾಳಿನ ಡಬ್ಬಿ ಇರುತ್ತಿತ್ತು. ಬಂದವರು ಒಂದು ಚಿಟಿಕೆ ಹಾಕುವುದು ಆ ಮನೆಯ ರೂಢಿ. ಯಾರಿಗೂ ಬೇಡ ಅಂದದ್ದಿಲ್ಲ. ಆ ಮನೆಗೆ ಬಂದವರು ಏನೂ ತಿನ್ನದೆ ಹೋಗುವಂತಿಲ್ಲ, ಏನೂ ತಿನ್ನಿಸದೆಯೂ ಹೋಗುವಂತಿಲ್ಲ. ನೀರಿಗೆ ಕಾಳು ಬಿದ್ದರೆ ಕ್ಲೌನ್‌ಗಳು, ಡ್ಯಾಮ್ಸೆಲ್‌ಗಳು ನುಗ್ಗಿ ಕಬಳಿಸುತ್ತಿದ್ದವು. ಉಳಿದದ್ದು ಮರಳಿನ ಮೇಲೆ ಕೂರುತ್ತಿತ್ತು. ಮ್ಯಾಂಡರಿನ್ ಅದರ ಮೇಲೇ ನಡೆದು ಹೋಗುತ್ತಿತ್ತು, ಬಗ್ಗಿ ಹೆಕ್ಕುತ್ತಿತ್ತು. "ನೋಡಿ, ತಿಂತಾ ಇದೆ," ಎಂದು ಕೂತವರು ಹೇಳುತ್ತಿದ್ದರು. ನಾನೂ ಹೇಳಿದ್ದೇನೆ.

ಇಷ್ಟು ಜನ ತಿನ್ನಿಸುವ ಮನೆಯಲ್ಲಿ ಒಂದು ಮೀನು ಉಪವಾಸ ಇರಬಹುದೆಂಬ ಯೋಚನೆ ಯಾರಿಗೂ ಬರಲಿಲ್ಲ.

ಮೊದಲು ಕಂಡದ್ದು ಆಪಾ ಅವರಿಗೇ. ರಂಜಾನ್ ಶುರುವಾಗಿ ಕೆಲವು ದಿನ ಕಳೆದಿದ್ದವು. ಬೆಳಿಗ್ಗೆ ನಾನು ಕೆಳಗೆ ಬಂದಾಗ ಅವರು ನೆಲದ ಮೇಲೆ ಕೂತು, ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದರು. ಉಪವಾಸದ ಮನೆಯಲ್ಲಿ ಆ ತಿಂಗಳು ನನಗೆ ಚಹಾ ಬೇಡ ಎಂದರೂ ಬಿಡದೆ ಒಂದು ಲೋಟ ಇಡುತ್ತಿದ್ದರು. ಆ ದಿನ ಇಟ್ಟಿರಲಿಲ್ಲ.

"ಇಲ್ಲಿ ಕೂತ್ಕೊಳ್ಳಿ ತಮ್ಮಾ. ಪಕ್ಕದಿಂದ ನೋಡ್ಬೇಡಿ, ಎದುರಿಂದ ನೋಡಿ. ಅದು ತಿರುಗೋವರೆಗೆ ಕಾಯಿರಿ."

ಕಾದೆ. ಪಕ್ಕದಿಂದ ನೋಡಿದರೆ ಅದೇ ಸುರುಳಿ, ಅದೇ ಬಣ್ಣ. ಮುಖ ನಮ್ಮ ಕಡೆ ತಿರುಗಿಸಿದಾಗ ಮಾತ್ರ ಗೊತ್ತಾಯಿತು. ತಲೆ ದಪ್ಪ, ಅದರ ಹಿಂದೆ ಮೈ ಕತ್ತಿಯ ಅಲಗಿನಂತೆ ತೆಳ್ಳಗೆ. ಹೊಟ್ಟೆ ಎರಡೂ ಕಡೆ ಒಳಗೆ ಹೋಗಿತ್ತು.

"ವಾಪಸ್ ಕೊಡ್ತೀರಾ?" ಎಂದು ಕೇಳಿದೆ.

ಅವರು ಗಾಜಿನಿಂದ ಹಣೆ ತೆಗೆದರು. ಆಮೇಲೆ, "ಮಾತು ಕೊಟ್ಟಿದ್ದೀನಿ, ಕೊಡ್ಬೇಕು. ಆದ್ರೆ ನನ್ನ ಮನೆಗೆ ಬಂದು ಹಸ್ಕೊಂಡು ಹೋದದ್ದು ಅಂತ ಒಂದು ಇರತ್ತಲ್ಲ, ಅದನ್ನ ಏನು ಮಾಡ್ಲಿ?" ಎಂದರು.

ಅವರು ಅಂಗಡಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದರು. ಅಂಗಡಿಯವರು ಬೈಯಲಿಲ್ಲ. ಹಬ್ಬದವರೆಗೆ ನೋಡಿ, ಅದಕ್ಕೂ ಮುಂಚೆ ಓಡಾಡುವುದನ್ನು ನಿಲ್ಲಿಸಿದರೆ ಅದೇ ದಿನ ತನ್ನಿ ಎಂದರು. ಸಿಗಡಿಯ ಒಣಮೊಟ್ಟೆಯ ಪೊಟ್ಟಣ ಕಳಿಸಿಕೊಟ್ಟರು. ಅದನ್ನು ಉಪ್ಪುನೀರಿಗೆ ಹಾಕಿ ಗಾಳಿ ಆಡಿಸಿದರೆ ಒಂದು ದಿನದಲ್ಲಿ ಕಿತ್ತಳೆ ಧೂಳಿನಂತಹ ಜೀವಂತ ಮರಿಗಳು ಹೊರಬರುತ್ತವೆ. ಚಲಿಸುವ ಆಹಾರವಾದ್ದರಿಂದ ಮ್ಯಾಂಡರಿನ್ ತಿನ್ನಬಹುದು ಎಂದರು. 'ತಿನ್ನತ್ತೆ' ಅನ್ನಲಿಲ್ಲ.

ಆ ತಿಂಗಳು ಆಪಾ ಅವರಿಗೆ ವರ್ಷದಲ್ಲೇ ಹೆಚ್ಚು ಕೆಲಸ. ಹಲೀಮಿಗೆ ಗೋಧಿ ನೆನೆಹಾಕುವುದು, ಸಮೋಸಾ ಮಡಚುವುದು, ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಸಾಲು. ಅದರ ನಡುವೆ ಅಡುಗೆಮನೆಯ ಕಿಟಕಿಯಲ್ಲಿ ಆ ಮೊಟ್ಟೆ ಹಾಕಿದ ಜ್ಯೂಸಿನ ಬಾಟಲಿಗಳು ಗುಳುಗುಳು ಅನ್ನುತ್ತಾ ನಿಂತವು. ದಿನಕ್ಕೊಂದು ಬಾಟಲಿ ಮರಿಯಾಗುವಂತೆ ಸರದಿ ಹಾಕಿದ್ದರು. ಮರಿಗಳನ್ನು ತೆಳುಬಟ್ಟೆಯಲ್ಲಿ ಸೋಸಿ, ತೊಳೆದು, ಔಷಧಿ ಹಾಕುವ ಸಿರಿಂಜಿನಲ್ಲಿ ಹೀರಿಕೊಂಡು ಟ್ಯಾಂಕಿನ ಮುಂದೆ ಕೂರುತ್ತಿದ್ದರು. ಇಫ್ತಾರಿಗೆ ಮುಂಚೆ ಸ್ವಲ್ಪ ಹೊತ್ತು ಬಿಡುವು ಸಿಗುತ್ತಿತ್ತು. ಬೇರೆಯವರು ಆಗ ಕಣ್ಣು ಮುಚ್ಚಿ ಒರಗುತ್ತಾರೆ. ಆಪಾ ಆ ಹೊತ್ತನ್ನು ಮೀನಿಗೆ ಕೊಟ್ಟರು. ವಾರದ ರಜೆಯ ದಿನ ನಾನೂ ಕೂತು ನೋಡಿದ್ದೇನೆ. ರೋಜಾ ಉಪವಾಸದಲ್ಲಿ ಬೆಳಗಿನಿಂದ ಒಂದು ಹನಿ ನೀರು ಕುಡಿಯದ ಹೆಂಗಸು ಮೀನಿಗೆ ಹೇಳುತ್ತಿದ್ದರು: "ನಿನಗೇನು ರೋಜಾ ಇಲ್ವಲ್ಲ. ತಿನ್ನು."

ಅದು ತಿನ್ನಲಿಲ್ಲ. ಸಿರಿಂಜ್ ನೀರಿಗಿಳಿದರೆ ಸಾಕು, ಮೇಲಿನ ಮೀನುಗಳೆಲ್ಲ ಅಲ್ಲಿ. ಮ್ಯಾಂಡರಿನ್ ಎರಡು ಹೆಜ್ಜೆ ಇಟ್ಟು, ತಲೆ ಓರೆ ಮಾಡಿ, ಒಂದು ಮರಿಯನ್ನು ನೋಡಿ ತೀರ್ಮಾನಿಸುವಷ್ಟರಲ್ಲಿ ಡ್ಯಾಮ್ಸೆಲ್ ಅದನ್ನು ಕಿತ್ತುಕೊಂಡು ಹೋಗಿರುತ್ತಿತ್ತು.

ಆಗ ಆಪಾ ಕಾಳಿನ ಡಬ್ಬಿಯನ್ನು ಎತ್ತಿಟ್ಟರು. ಬಂದವರು ಹಾಕುವುದು ನಿಂತರೆ ಮೇಲಿನ ಮೀನುಗಳ ಕೊಬ್ಬು ಇಳಿಯುತ್ತದೆ, ನೀರೂ ತಿಳಿಯಾಗುತ್ತದೆ ಎಂಬ ಲೆಕ್ಕ. ಇದರಿಂದ ಮೀನಿಗೆ ಒಳ್ಳೆಯದಾಗಲಿಲ್ಲ. ಹಸಿದ ಡ್ಯಾಮ್ಸೆಲ್‌ಗಳು ಇನ್ನೂ ಚುರುಕಾದವು. ಮನೆಗೂ ಒಳ್ಳೆಯದಾಗಲಿಲ್ಲ.

ಭಾಯ್‌ಗೆ ಒಬ್ಬ ಅಕ್ಕ ಇದ್ದರು, ಹಿಂದಿನ ರಸ್ತೆಯಲ್ಲೇ ಮನೆ. ಎಲ್ಲರೂ ಬಾಜಿ ಅನ್ನುತ್ತಿದ್ದರು. ಮೊಣಕಾಲು ನೋವು, ಚೂಪು ನಾಲಿಗೆ. ಅವರು ದಿನಾ ಬಂದು ಕುರ್ಚಿ ಎಳೆದುಕೊಂಡು ಮೀನಿಗೆ ಕಾಳು ಹಾಕಿ ಹೋಗುತ್ತಿದ್ದರು. ಡಬ್ಬಿ ಕಾಣದ ದಿನ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಮಾತು ದಖನಿ ಉರ್ದುವಿನಲ್ಲಿ ನಡೆಯಿತು. ನನಗೆ ಅರ್ಥವಾಗುವಷ್ಟು ಬರುತ್ತದೆ, ಕನ್ನಡದಲ್ಲಿ ಕೊಡುತ್ತೇನೆ.

"ಡಬ್ಬಿ ಎಲ್ಲಿ?"

"ಒಳಗಿದೆ ಬಾಜಿ. ಈಗ ಯಾರೂ ಹಾಕೋದು ಬೇಡ ಅಂತ."

"ಯಾರೂ ಅಂದ್ರೆ ಅದರಲ್ಲಿ ನಾನೂ ಸೇರಿದ್ನಾ?"

"ಆ ಬಣ್ಣದ ಮೀನು ಸಾಯ್ತಾ ಇದೆ ಬಾಜಿ."

"ಅದು ಸಾಯ್ತಾ ಇದ್ರೆ ಉಳಿದವಕ್ಕೂ ಊಟ ಬಂದ್ ಮಾಡ್ಬೇಕಾ? ನಮ್ಮಮ್ಮ ಇದ್ದಾಗ ಈ ಮನೇಲಿ ಬೆಕ್ಕಿಗೂ ಬೇಡ ಅಂತಿರ್ಲಿಲ್ಲ."

ಬಾಜಿ ಕುರ್ಚಿಯ ತೋಳು ಹಿಡಿದು ಎದ್ದರು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ರಂಜಾನ್ ತಿಂಗಳಲ್ಲಿ ಗಂಡನ ಅಕ್ಕ ಮುನಿಸಿಕೊಂಡು ಕೂತಿದ್ದಾಳೆಂಬ ಸುದ್ದಿ ಬೀದಿಗೆ ಹೊಸದಾಗಿರಲಿಲ್ಲ, ಆದರೆ ಕಾರಣ ಹೊಸದು. "ಮೀನಿನ ವಿಷಯಕ್ಕಂತೆ," ಎಂದು ಬಿರಿಯಾನಿಗೆ ಬಂದವರೇ ನನಗೆ ಹೇಳಿದರು. ಭಾಯ್ ಇಬ್ಬರ ಪರವಾಗಿಯೂ ಮಾತಾಡಲಿಲ್ಲ. ನೀರು ತಣ್ಣಗಿಡುವ ಯಂತ್ರದ ಧೂಳು ಒರೆಸುತ್ತಾ ಕೂತಿದ್ದರು, ಧೂಳೇನೂ ಇರಲಿಲ್ಲ.

ಆ ವಾರದ ನನ್ನ ರಜೆಯ ದಿನ ನನಗೂ ಇಫ್ತಾರಿಗೆ ಕರೆ ಬಂತು. ನೆಲದ ಮೇಲೆ ದಸ್ತರಖಾನಿನ ಬಟ್ಟೆ ಹಾಸಿ ಎಲ್ಲರೂ ಸುತ್ತ ಕೂತಿದ್ದೆವು. ಭಾಯ್ ಅವರ ರಿಪೇರಿ ಕೆಲಸದ ಹುಡುಗರು ಗಬಗಬನೆ ತಿಂದು ಮುಗಿಸಿದರು. ನಾನು ನಿಧಾನ. ಸುತ್ತ ನೋಡಿದಾಗ ತಟ್ಟೆಯಲ್ಲಿ ಊಟ ಉಳಿದದ್ದು ನನ್ನದೊಂದೇ ಎಂದು ಗೊತ್ತಾಗಿ ಅವಸರ ಮಾಡತೊಡಗಿದೆ. ಭಾಯ್ ಕೂಡ ಮುಗಿಸಿದ್ದರು. ಆದರೂ ಒಂದು ಸಣ್ಣ ರೊಟ್ಟಿಚೂರು ತೆಗೆದುಕೊಂಡು ಅದನ್ನು ಬಹಳ ಹೊತ್ತು ಅಗಿಯುತ್ತಾ ಕೂತರು. ಹುಡುಗರು ಏಳಲು ನೋಡಿದಾಗ ಖರ್ಜೂರದ ತಟ್ಟೆಯನ್ನು ಅವರತ್ತ ತಳ್ಳಿದರು. ಎಲ್ಲರಿಗಿಂತ ನಿಧಾನವಾಗಿ ತಿನ್ನುವ ಅತಿಥಿ ಮುಗಿಸುವವರೆಗೆ ಮನೆಯ ಯಜಮಾನ ಬಾಯಾಡಿಸುತ್ತಿರಬೇಕು, ಉಳಿದವರ ಕೈಗೂ ಏನಾದರೂ ಕೊಟ್ಟು ಕೂರಿಸಿರಬೇಕು ಎಂಬುದು ಅವರಲ್ಲಿಯ ಪದ್ಧತಿ. ಇಲ್ಲವಾದರೆ ಆ ಅತಿಥಿ ನಾಚಿಕೊಂಡು ಅರೆಹೊಟ್ಟೆಯಲ್ಲಿ ಏಳುತ್ತಾನೆ.

ಆಪಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದರು. ಅವರು ಇದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದಾರೆ. ಅಂದು ಅವರಿಗೆ ಏನು ಹೊಳೆಯಿತೋ ನಾನು ಹೇಳಲಾರೆ. ಅವರು ಕೈ ತೊಳೆದು, ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಹಿಂದಿನ ರಸ್ತೆಗೆ ಹೊರಟರು. ಬರುವಾಗ ಬಾಜಿ ಜೊತೆಯಲ್ಲಿದ್ದರು, ಮುಖ ಇನ್ನೂ ಬಿಗಿಯಾಗಿತ್ತು.

ಆಪಾ ಕುರ್ಚಿಯನ್ನು ಟ್ಯಾಂಕಿನ ಬಲತುದಿಗೆ ಎಳೆದು ಹಾಕಿದರು. ಒಳಗಿನಿಂದ ಡಬ್ಬಿ ತಂದು ಬಾಜಿಯ ಕೈಗೆ ಕೊಟ್ಟರು.

"ಈ ಮೂಲೆಯಲ್ಲಿ ಮಾತ್ರ ಹಾಕಿ ಬಾಜಿ. ಒಂದೊಂದೇ ಕಾಳು. ಮುಗಿಸಬೇಡಿ, ಎಳೀತಾ ಇರಿ. ಇವು ನಿಮ್ಮನ್ನ ಬಿಟ್ಟು ಹೋಗಬಾರದು."

"ಅಂದ್ರೆ ಈ ಪುಂಡರನ್ನ ಕೂರಿಸಿಕೊಳ್ಳೋ ಕೆಲಸ ನನಗೆ."

"ನಿಮ್ಮ ಮಾತು ಬಿಟ್ರೆ ಇನ್ಯಾರ ಮಾತು ಕೇಳ್ತವೆ?"

ಬಾಜಿ ನಗಲಿಲ್ಲ, ಆದರೆ ಡಬ್ಬಿಯ ಮುಚ್ಚಳ ತೆಗೆದರು. ಭಾಯ್ ನೀರು ತಳ್ಳುವ ಪಂಪನ್ನು ನಿಲ್ಲಿಸಿದರು. ಆಪಾ ಎಡತುದಿಯಲ್ಲಿ ಕಿರಿದಾದ ಬಾಯಿಯ ಒಂದು ಗಾಜಿನ ಬಾಟಲಿಯನ್ನು ಮರಳಿನ ಮೇಲೆ ಮಲಗಿಸಿದರು. ಸಿರಿಂಜಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಮರಿಗಳನ್ನು ಬಾಟಲಿಯ ಒಳಗೇ ಬಿಟ್ಟರು. ಅವು ಚದುರಿಹೋಗದೆ ಗಾಜಿನ ಒಳಗೆ ಕಿತ್ತಳೆ ಮಂಜಿನಂತೆ ಆಡುತ್ತಿದ್ದವು.

ಬಲಗಡೆ ಗಲಾಟೆ. ಎಡಗಡೆ ಯಾರೂ ಇಲ್ಲ. ಮ್ಯಾಂಡರಿನ್ ಕಲ್ಲಿನ ಸಂದಿನಿಂದ ಇಳಿದು ಬಂತು. ಬಾಟಲಿಯ ಸುತ್ತ ನಡೆಯಿತು. ಗಾಜಿನ ಹೊರಗಿನಿಂದಲೇ ಒಂದೆರಡು ಸಲ ಹೆಕ್ಕಲು ನೋಡಿತು. ಆ ದಿನ ಒಳಗೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ ಎಂದು ಆಪಾ ಹೇಳಿದರು. ಯಾವ ದಿನ ಹೋಯಿತೋ ಆ ದಿನ ನಾನು ಆಫೀಸಿನಲ್ಲಿದ್ದೆ. ಪುಟ ಕಟ್ಟುವ ಹೊತ್ತಿಗೆ ಆಪಾ ಅವರಿಂದ ಫೋನಿಗೆ ಒಂದು ಚಿತ್ರ ಬಂತು. ಗಾಜಿನ ಮೇಲೆ ಬಲ್ಬಿನ ಬೆಳಕು ಬಿದ್ದು ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಬಾಟಲಿಯ ಒಳಗೆ ಒಂದು ನೀಲಿ ಬಾಲ ಮಾತ್ರ.

ಅಲ್ಲಿಂದ ಅದು ನಿತ್ಯದ ಕೆಲಸವಾಯಿತು. ಇದನ್ನು ಆಪಾ ನಡೆಸಿದ ಕ್ರಮವನ್ನು ನಾನು ಮೆಚ್ಚಿ ನೋಡಿದ್ದೇನೆ. ಸುದ್ದಿಮನೆಯಲ್ಲಿ ಗಡುವಿನ ಕೆಲಸ ನೋಡಿ ಪಳಗಿದವನು ನಾನು, ಆದರೂ ಹಾಗೆ ತಣ್ಣಗೆ ಕೆಲಸ ಮಾಡುವವರನ್ನು ಕಂಡದ್ದು ಕಮ್ಮಿ. ಹಲೀಮಿನ ಕಡಾಯಿಗೆ ಸೌಟು ಹಾಕಿ ತಿರುವುತ್ತಿದ್ದವರು, ಹೊತ್ತಾಯಿತೆಂದು ಸೌಟನ್ನು ಇನ್ನೊಬ್ಬರಿಗೆ ಕೊಟ್ಟು, ಮೊಣಕೈವರೆಗೆ ಬರಿನೀರಿನಲ್ಲಿ ತೊಳೆದು ಬಂದು ಕೂರುತ್ತಿದ್ದರು. ಮೀನು ಬಾಟಲಿಯಿಂದ ತಾನಾಗಿ ಹೊರಬರುವವರೆಗೆ ಏಳುತ್ತಿರಲಿಲ್ಲ. ಬಾಗಿಲಲ್ಲಿ ಯಾರು ಕೂಗಿದರೂ ಅಷ್ಟೇ. ಜೊತೆಗೆ ಟ್ಯಾಂಕಿನ ಹಿಂದಿನ ಗಾಜನ್ನು ಒರೆಸುವುದನ್ನು ಬಿಟ್ಟರು. ಅಲ್ಲಿ ಹಸಿರು ಪಾಚಿ ಕಟ್ಟಿ, ಅದರಲ್ಲಿ ಹುಳುಗಳು ಮತ್ತೆ ಹುಟ್ಟಿಕೊಂಡರೆ ಮೀನು ಇಡೀ ದಿನ ಹೆಕ್ಕಬಹುದು ಎಂದು. ತನ್ನ ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಮುಖ ಕಾಣಬೇಕೆನ್ನುವ ಹೆಂಗಸು ಮುಂದಿನ ಕೋಣೆಯಲ್ಲಿ, ಬಂದವರೆಲ್ಲರ ಎದುರಿಗೆ, ಒಂದು ಗಾಜು ಪಾಚಿಗಟ್ಟಲು ಬಿಟ್ಟದ್ದು ಸಣ್ಣ ಸಂಗತಿಯಲ್ಲ.

ಬಾಜಿ ಒಂದು ದಿನವೂ ತಪ್ಪಿಸಲಿಲ್ಲ. ಬಿರಿಯಾನಿಗೆ ಬಂದವರು ಕಾಳು ಹಾಕಲು ಹೋದರೆ ಅವರನ್ನೂ ಬಲಮೂಲೆಗೆ ಕರೆದು, "ಇಲ್ಲಿ ಹಾಕು. ಒಂದು. ಇನ್ನೊಂದು. ಸಾಕು, ಉಸಿರು ತಗೋ," ಎನ್ನುತ್ತಿದ್ದರು. ಬಂದ ಯಾರೂ ಏನೂ ಹಾಕದೆ ಹೋಗಲಿಲ್ಲ.

ಈದ್ ದಿನ ಮನೆ ತುಂಬ ಜನ. ಹೊಸ ಬಟ್ಟೆಯ ಮಕ್ಕಳು ಟ್ಯಾಂಕನ್ನು ಮುತ್ತಿಕೊಂಡರು. ಬಾಜಿ ಅವರನ್ನು ಸಾಲಾಗಿ ನಿಲ್ಲಿಸಿದರು. ಶೀರ್ ಖುರ್ಮಾ ಪಾಯಸದ ಬಟ್ಟಲು ಕೈಯಲ್ಲಿ ಹಿಡಿದು ನಾನು ಎಡಗಡೆ ಕೂತಿದ್ದೆ. ಆ ಗಲಾಟೆಯಲ್ಲಿ ಮ್ಯಾಂಡರಿನ್ ಬಾಟಲಿಯ ಒಳಗೆ ಹೋಗಿ, ಬಾಲ ಹೊರಗೆ ಮಾಡಿಕೊಂಡು, ಬಹಳ ಹೊತ್ತು ಇತ್ತು.

ಹಬ್ಬ ಕಳೆದ ಮೇಲಿನ ಭಾನುವಾರ ಅಂಗಡಿಯವರು ಹೇಳಿದಂತೆ ಬಂದರು. ಸ್ಕೂಟರಿನ ಮುಂದೆ ಮೀನು ಒಯ್ಯುವ ಒಂದು ಥರ್ಮೋಕೋಲ್ ಪೆಟ್ಟಿಗೆ ಇತ್ತು. ಅದನ್ನು ಒಳಗೆ ತಂದು ಚಪ್ಪಲಿಯ ಪಕ್ಕ ಇಟ್ಟರು. ಆಪಾ ಅದನ್ನು ನೋಡಿದರು. ಆ ವಾರ ಮೀನಿನ ಹೊಟ್ಟೆ ತುಂಬಿಕೊಳ್ಳುತ್ತಿದೆ ಎಂದು ನನಗೆ ಅನ್ನಿಸಿತ್ತು, ಆಪಾ ಅವರಿಗೂ ಅನ್ನಿಸಿತ್ತು. ಆದರೆ ದಿನಾ ನೋಡುವ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಹಾಗಾಗಿ ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

"ಊಟ ಆಗ್ಲಿ ಮೊದಲು," ಎಂದರು ಭಾಯ್.

"ಮೊದಲು ನೋಡ್ಬಿಡ್ತೀನಿ ಸಾರ್. ಆಮೇಲೆ ಊಟ ಇಳಿಯತ್ತೆ."

ಬಾಜಿ ತಮ್ಮ ಮೂಲೆಯಲ್ಲಿ ಶುರುಮಾಡಿದರು. ಆಪಾ ಬಾಟಲಿಗೆ ಮರಿ ಬಿಟ್ಟರು. ಅಂಗಡಿಯವರು ಪ್ಯಾಂಟು ಮೇಲೆಳೆದುಕೊಂಡು ನೆಲದ ಮೇಲೆ ಕೂತರು, ಆಮೇಲೆ ಇನ್ನೂ ಬಗ್ಗಿ ಹೆಚ್ಚುಕಡಿಮೆ ಮಲಗಿಯೇಬಿಟ್ಟರು. ಮ್ಯಾಂಡರಿನ್ ಒಳಗೆ ಹೋಯಿತು, ತಿಂದಿತು, ಹಿಂದೆ ಹಿಂದೆ ನಡೆದು ಹೊರಬಂತು, ಮುಖ ನಮ್ಮತ್ತ ತಿರುಗಿಸಿತು. ಅಂಗಡಿಯವರು ಅದು ಇನ್ನೊಂದು ಸುತ್ತು ತಿರುಗಿ ಬರುವವರೆಗೆ ಕಾದರು. ಆಪಾ ಸಿರಿಂಜನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು.

"ಅಕ್ಕಾ, ಆ ಪೆಟ್ಟಿಗೇಲಿ ಏನಾದ್ರೂ ಪಾರ್ಸೆಲ್ ಕಟ್ಟಿಕೊಡಿ. ಖಾಲಿ ಯಾಕೆ ತಗೊಂಡು ಹೋಗ್ಲಿ," ಎಂದರು ಅವರು, ಮಲಗಿದಲ್ಲಿಂದಲೇ.

ಆಪಾ ಎದ್ದು ಒಳಗೆ ಹೋದರು. 

"ಇಷ್ಟು ಸುಲಭಕ್ಕೆ ಒಪ್ಪಿಬಿಟ್ರಾ?" ಎಂದು ಬಾಜಿ ಕೇಳಿದರು. "ನನ್ನ ಮೊಣಕಾಲು ಹೋಯ್ತು ಇದರಿಂದ."

ಊಟದ ನಡುವೆ ಅಂಗಡಿಯವರಿಗೆ ಒಂದು ಫೋನ್ ಬಂತು. ಎಡಗೈಯಲ್ಲಿ ಫೋನ್ ಹಿಡಿದು ಮಾತಾಡಿದರು. ಕಲ್ಯಾಣ ನಗರದ ಕಡೆಯ ಯಾರೋ ಗಿರಾಕಿ, ಮ್ಯಾಂಡರಿನ್ ಬೇಕಂತೆ. ಆ ಕಡೆಯವರು ತಮ್ಮ ಟ್ಯಾಂಕಿನ ಉದ್ದಗಲ, ಕಲ್ಲಿನ ತೂಕ, ದೀಪದ ಬೆಲೆ ಎಲ್ಲ ಹೇಳುತ್ತಿದ್ದದ್ದು ನಮಗೂ ಕೇಳಿಸುತ್ತಿತ್ತು. ಅಂಗಡಿಯವರು ಸುಮ್ಮನೆ ಕೇಳಿಸಿಕೊಂಡರು. ಟ್ಯಾಂಕಿನ ಬಲಮೂಲೆಯಲ್ಲಿ ಡಬ್ಬಿ ಹಿಡಿದು ಕೂತ ಬಾಜಿಯನ್ನು ಒಮ್ಮೆ ನೋಡಿದರು.

"ಅದೆಲ್ಲ ಇರ್ಲಿ ಸಾರ್," ಎಂದರು. "ಮನೇಲಿ ಯಾರ್ಯಾರಿದ್ದೀರಿ?"